ಕೈಗುಣ ಎಂಬ ಹೊಗಳಿಕೆ ಬೇಡ

ಅಡುಗೆ ಚೆನ್ನಾಗಿ ಮಾಡುವವರಿಗೆ ಕನ್ನಡದಲ್ಲಿ ನಾವು ಕೊಡುವ ದೊಡ್ಡ ಹೊಗಳಿಕೆ 'ಎಲ್ಲಾ ನಿಮ್ಮ ಕೈಗುಣ' ಅನ್ನುವುದು. ಈ ಹೊಗಳಿಕೆಯನ್ನು ನಾವು ನಿಲ್ಲಿಸಬೇಕು ಅನ್ನುವುದು ಈ ಸಲದ ಪತ್ರದ ವಾದ. ನನ್ನ ತಕರಾರು ಊಟದ ಮೇಲಲ್ಲ. ಉಂಡು ಕೈ ತೊಳೆಯುತ್ತಾ ಬಾಯಿಗೆ ಬರುವ ಈ ಒಂದು ಮಾತಿನ ಮೇಲೆ.

ಮಾತು ಸಾಧುವಾಗಿಯೇ ಕಾಣುತ್ತದೆ. ಕೇಳಿದವರು ನಾಚಿ ನಗುತ್ತಾರೆ, ಇನ್ನೊಂದು ಸೌಟು ಬಡಿಸುತ್ತಾರೆ. ಆದರೆ ಕನ್ನಡ ಈ ಪದವನ್ನು ಬೇರೆ ಯಾರಿಗೆಲ್ಲ ಬಳಸುತ್ತದೆ ನೋಡಿ. ಡಾಕ್ಟರಿಗೆ ಬಳಸುತ್ತೇವೆ: 'ಅವರ ಕೈಗುಣ ಚೆನ್ನಾಗಿದೆ, ಒಂದೇ ಡೋಸಿಗೆ ಜ್ವರ ಬಿಟ್ಟಿತು.' ಸಸಿ ನೆಡುವವರಿಗೆ ಬಳಸುತ್ತೇವೆ. ಬೆಳಗಿನ ಬೋಣಿ ಮಾಡಿಸುವ ಗಿರಾಕಿಗೂ ಬಳಸುತ್ತೇವೆ. ಡಾಕ್ಟರ ಕೈಗುಣವನ್ನು ಹೊಗಳುವವರು ಗೋಡೆಯ ಮೇಲಿನ ಸರ್ಟಿಫಿಕೇಟನ್ನು ಮೊದಲೇ ನೋಡಿರುತ್ತಾರೆ, ಹೊರಡುವಾಗ ಫೀಸು ಕೊಟ್ಟೇ ಬರುತ್ತಾರೆ. ಅಲ್ಲಿ ಕೈಗುಣ ಓದಿನ ಮೇಲೆ, ಫೀಸಿನ ಮೇಲೆ ಇಟ್ಟ ಒಂದು ಹೂವು. ಅಡುಗೆ ಮನೆಯಲ್ಲಿ ಓದೂ ಇಲ್ಲ, ಫೀಸೂ ಇಲ್ಲ. ಹೂವು ಮಾತ್ರ ಇದೆ.

ನೆರೆಯ ಭಾಷೆಗಳೂ ಇದರಲ್ಲಿ ನಮಗಿಂತ ಮೇಲೇನಲ್ಲ. ನಾನಿರುವ ಚೆನ್ನೈಯಲ್ಲಿ ಇದಕ್ಕೆ 'ಕೈಮಣಂ' ಅನ್ನುತ್ತಾರೆ. ಮಣಂ ಅಂದರೆ ಪರಿಮಳ. ಮಲಯಾಳದಲ್ಲಿ 'ಕೈಪ್ಪುಣ್ಯಂ'. ಹಿಂದಿಯವರಿಗೆ ಕೈಯಲ್ಲಿ ಜಾದೂ ಇರುತ್ತದೆ. ಗುಣ, ಪರಿಮಳ, ಪುಣ್ಯ, ಜಾದೂ. ಎಲ್ಲವೂ ಹುಟ್ಟುತ್ತಲೇ ಬಂದದ್ದು ಅಥವಾ ಎಲ್ಲಿಂದಲೋ ಇಳಿದು ಬಂದದ್ದು. ಕಲಿತದ್ದು ಎಂಬ ಅರ್ಥ ಇವುಗಳಲ್ಲಿ ಒಂದಕ್ಕೂ ಇಲ್ಲ. ತಮಿಳಿನಲ್ಲಿ 'ಕೈಪ್ಪಕ್ಕುವಂ' ಎಂಬ ಇನ್ನೊಂದು ಪದವಿದೆ, ಅದು ಪಕ್ವತೆಯ ಪಕ್ವ, ಸ್ವಲ್ಪ ವಾಸಿ. ಅದನ್ನೂ ತಲೆಗೆ ಕಟ್ಟದೆ ಕೈಗೇ ಕಟ್ಟಿದ್ದಾರೆ.

ಕೆಲವು ವರ್ಷಗಳ ಹಿಂದೆ ಒಂದು ಮಸಾಲೆ ಪುಡಿ ಕಂಪನಿಯ ಪ್ಯಾಕೆಟ್ಟಿನ ಬರಹವನ್ನು ತಮಿಳಿನಿಂದ ಕನ್ನಡಕ್ಕೆ ತರುವ ಕೆಲಸ ನನಗೆ ಬಂತು. ಮುಂಬದಿಯಲ್ಲಿ ಕನ್ನಡಕ ಹಾಕಿದ ಒಬ್ಬ ಅಜ್ಜಿ, ಕೆಳಗೆ 'ಪಾಟ್ಟಿಯ ಕೈಮಣಂ' ಎಂಬ ಸಾಲು. ನಾನು 'ಅಜ್ಜಿಯ ಕೈರುಚಿ' ಎಂದು ಬರೆದು ಕಳಿಸಿದೆ, ಒಪ್ಪಿಗೆಯಾಯಿತು. ಹಿಂಬದಿಯಲ್ಲಿ ಅಜ್ಜಿ ಇರಲಿಲ್ಲ. ಅಲ್ಲಿ ಇಷ್ಟು ಮಿಲಿ ನೀರು, ಇಷ್ಟು ಗ್ರಾಂ ಪುಡಿ, ಇಷ್ಟು ನಿಮಿಷ ಕುದಿಸಿ ಎಂಬ ಸೂಚನೆಗಳಿದ್ದವು. ಒಂದು ಅಂಕಿ ತಪ್ಪಿದರೂ ಗಿರಾಕಿಗಳು ಬೈಯುತ್ತಾರೆ ಅಂತ ಕಂಪನಿಯವರು ಎರಡು ಸಲ ಫೋನ್ ಮಾಡಿ ಅಂಕಿಗಳನ್ನು ಓದಿಸಿಕೊಂಡರು. ಅಡುಗೆ ಅಂದರೇನು ಅಂತ ಆ ಕಂಪನಿಗೆ ಚೆನ್ನಾಗಿ ಗೊತ್ತಿದೆ. ಗುಟ್ಟು, ಮಾಯೆ, ಅಜ್ಜಿ ಇವೆಲ್ಲ ಮಾರಾಟದ ಬದಿಗೆ. ಕೆಲಸ ಆಗಬೇಕಾದ ಬದಿಗೆ ಅಳತೆ.

'ನಮ್ಮಮ್ಮ ಯಾವತ್ತೂ ಅಳತೆ ಮಾಡಿದವಳಲ್ಲ' ಎಂದು ನೀವು ಈಗಾಗಲೇ ಮನಸ್ಸಿನಲ್ಲಿ ಅಂದುಕೊಂಡಿರುತ್ತೀರಿ. ಕೈಗುಣದ ಪಕ್ಷದವರ ದೊಡ್ಡ ಸಾಕ್ಷಿ ಇದೇ. ಹಾಗಾದರೆ ನಿಮ್ಮ ಅಮ್ಮನನ್ನು ಅವರ ಅಡುಗೆ ಮನೆಯಿಂದ ಎತ್ತಿ ಬೇರೆ ಊರಿನ ಅಡುಗೆ ಮನೆಯಲ್ಲಿ ನಿಲ್ಲಿಸಿ ನೋಡಿ. ನನ್ನ ಅಮ್ಮ ತಿಪಟೂರಿನಿಂದ ಚೆನ್ನೈಗೆ ಬಂದಾಗಲೆಲ್ಲ ಮೊದಲ ಎರಡು ದಿನ ಅವರ ಅಡುಗೆ ಅವರದ್ದಾಗಿರುವುದಿಲ್ಲ. ಬೇಳೆ ಕರಗುವುದಿಲ್ಲ. ಸಾರು ಒಂದು ದಿನ ಹುಳಿ, ಇನ್ನೊಂದು ದಿನ ಉಪ್ಪು. ಮುದ್ದೆ ಗಂಟಾಗುತ್ತದೆ. ರಾತ್ರಿ ಕಲಸಿಟ್ಟ ಇಡ್ಲಿ ಹಿಟ್ಟು ಮೇ ತಿಂಗಳ ಸೆಕೆಗೆ ಬೆಳಗಾಗುವ ಮೊದಲೇ ಪಾತ್ರೆಯಿಂದ ಉಕ್ಕಿ ಕಟ್ಟೆಯ ಮೇಲೆ ಹರಿದಿರುತ್ತದೆ. 'ನಿಮ್ಮೂರ ನೀರೇ ಸರಿ ಇಲ್ಲ ಕಣೇ' ಅನ್ನುತ್ತಾರೆ. ಆ ಮಾತು ನಿಜ. ನಮ್ಮ ಕಟ್ಟಡದ ಬೋರ್‌ವೆಲ್ ನೀರು ಗಡಸು; ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯೊಳಗಿನ ಪೆಕ್ಟಿನ್ನನ್ನು ಬಿಗಿ ಮಾಡುವುದರಿಂದ ಬೇಳೆ ಎಷ್ಟು ಕುದಿಸಿದರೂ ಹಾಗೇ ನಿಂತಿರುತ್ತದೆ. ಮೂರನೆಯ ದಿನ ಅಮ್ಮ ಬೇಳೆಗೆ ಮಾತ್ರ ಕ್ಯಾನ್ ನೀರು ಹಾಕುತ್ತಾರೆ. ಹುಣಸೆಹಣ್ಣನ್ನು ಅರ್ಧಕ್ಕೆ ಇಳಿಸುತ್ತಾರೆ. ರಾಗಿ ಹಿಟ್ಟನ್ನು ಬೆರಳ ನಡುವೆ ತಿಕ್ಕಿ ನೋಡಿ ಎಸರಿಗೆ ಇನ್ನೊಂದು ಲೋಟ ನೀರು ಸೇರಿಸುತ್ತಾರೆ. ಇಡ್ಲಿ ಹಿಟ್ಟಿಗೆ ಉಪ್ಪು ಹಾಕುವುದನ್ನು ಬೆಳಗಿಗೆ ಮುಂದೂಡಿ, ಹಿಟ್ಟನ್ನು ಅರ್ಧ ರಾತ್ರಿಗೆ ಫ್ರಿಜ್ಜಿಗೆ ತಳ್ಳುತ್ತಾರೆ. ನಾಲ್ಕನೆಯ ದಿನ ತಿಪಟೂರಿನ ಸಾರು ಚೆನ್ನೈಯ ತಟ್ಟೆಗೆ ಬರುತ್ತದೆ.

ಕೈಗೆ ಗುಣ ಇದ್ದಿದ್ದರೆ ರೈಲಿನಲ್ಲಿ ಕೈಯ ಜೊತೆಗೇ ಅದೂ ಬರಬೇಕಿತ್ತಲ್ಲ? ಬರಲಿಲ್ಲ, ಯಾಕೆಂದರೆ ಅದು ಇದ್ದದ್ದು ಅಲ್ಲಿನ ಪಾತ್ರೆಯಲ್ಲಿ. ಊರಿನ ಅನ್ನದ ಪಾತ್ರೆಯ ಕಂಠದ ಕೆಳಗೆ ಒಂದು ಕಲೆ ಇದೆ, ನೀರು ಅಲ್ಲಿಯವರೆಗೆ. ನಲವತ್ತು ವರ್ಷದಿಂದ ಒಂದೇ ಸೌಟು. ಅಕ್ಕಿ ಅಳೆಯಲು ಬಾಯಿ ಸೊಟ್ಟಗಾದ ಒಂದು ಪಾವು. ಅಮ್ಮ ಅಳೆಯುತ್ತಲೇ ಇದ್ದರು. ಅಳತೆಯನ್ನು ಪುಸ್ತಕದಲ್ಲಿ ಬರೆಯದೆ ಪಾತ್ರೆಗಳಲ್ಲಿ ಬರೆದಿಟ್ಟಿದ್ದರು, ಅಷ್ಟೆ. ಹೊಸ ಜಾಗಕ್ಕೆ ಬಂದಾಗ ಅವರು ಮಾಡಿದ್ದು ಪ್ರಯೋಗಾಲಯದಲ್ಲಿ ತಕ್ಕಡಿಯನ್ನು ಸರಿಹೊಂದಿಸುವವರು ಮಾಡುವ ಕೆಲಸ. ಅವರಿಗೆ ಅದಕ್ಕೆ ಮೂರು ದಿನ ಬೇಕಾಯಿತು. ನನಗಾಗಿದ್ದರೆ ಮೂರು ತಿಂಗಳು ಬೇಕಿತ್ತು. ಒಳ್ಳೆಯ ಅಡುಗೆಯವರಿಗೂ ಉಳಿದವರಿಗೂ ಇರುವ ವ್ಯತ್ಯಾಸ ಈ ಮೂರು ದಿನ ಮತ್ತು ಮೂರು ತಿಂಗಳ ನಡುವೆ ಇದೆ. ಕೆಟ್ಟ ನೀರು, ಹಳೆಯ ಬೇಳೆ, ಮುಗಿಯುತ್ತಾ ಬಂದ ಗ್ಯಾಸು, ಏಕಾಏಕಿ ಬಂದ ಇಬ್ಬರು ನೆಂಟರು, ಇವೆಲ್ಲ ಇದ್ದಾಗಲೂ ಎಲ್ಲಿ ಏನನ್ನು ಬದಲಿಸಬೇಕು ಅಂತ ಗೊತ್ತಿರುವುದು. ಒಳ್ಳೆಯ ಸಾಮಾನು, ಪುರುಸೊತ್ತು, ಭಾನುವಾರ ಇದ್ದರೆ ಯಾರು ಬೇಕಾದರೂ ಒಂದು ಬಿರಿಯಾನಿ ಮಾಡಿ ಫೋಟೋ ಹಾಕಬಹುದು.

ಇದಕ್ಕೆ ಕನ್ನಡದಲ್ಲಿ ಸರಿಯಾದ ಪದ ಇಲ್ಲವೆಂದಲ್ಲ. ಹದ. ತಮಿಳಿನ 'ಪದಂ' ಕೂಡ ಇದೇ. ಹಳಗನ್ನಡದ ಪಕಾರ ಹಕಾರವಾದ ಹಾಲು, ಹೂವು, ಹಣ್ಣುಗಳ ಸಾಲಿನಲ್ಲೇ ಪದವೂ ಹದವಾಗಿದೆ. ಒಂದು ಮಡಕೆ ಅನ್ನಕ್ಕೆ ಒಂದು ಅಗುಳು ಸಾಕು ಅನ್ನುವ ಗಾದೆ ತಮಿಳಿನಲ್ಲಿ ಈ 'ಪದಂ' ಪದದಿಂದಲೇ ಮುಗಿಯುತ್ತದೆ. ಭಾಷಾವಿಜ್ಞಾನ ಓದಿದವಳಾಗಿ ನನಗೆ ಈ ಪದದ ಮೇಲೆ ವಿಶೇಷ ಮೋಹ, ಯಾಕೆಂದರೆ ಹದ ಯಾರ ಮೈಗೂ ಅಂಟಿದ್ದಲ್ಲ. ಅದು ವಸ್ತುವಿನಲ್ಲಿ ಬರುತ್ತದೆ. ಮಳೆ ಬಿದ್ದ ನೆಲ ಬಿತ್ತನೆಗೆ ಹದವಾಗುತ್ತದೆ, ಕಬ್ಬಿಣ ಕುಲುಮೆಯಲ್ಲಿ ಹದಕ್ಕೆ ಬರುತ್ತದೆ, ಬೆಲ್ಲದ ಪಾಕ ಎಳೆ ಹದಕ್ಕೆ ಬರುತ್ತದೆ, ಚರ್ಮವನ್ನು ಹದ ಮಾಡುತ್ತಾರೆ. ಬರುವುದನ್ನು ಕಾಯಬೇಕು, ಬಂದಾಗ ಗುರುತಿಸಬೇಕು, ಮೀರುವ ಮೊದಲು ಕೈ ಹಾಕಬೇಕು. ಕಾಯುವುದನ್ನೂ ಗುರುತಿಸುವುದನ್ನೂ ಕಲಿಯಬಹುದು, ಕಲಿಸಬಹುದು. ಹದವನ್ನು ಪಕ್ಕಕ್ಕಿಟ್ಟು ಕೈಗುಣವನ್ನು ಮುಂದೆ ತಂದಾಗ ಕಲಿಕೆ ಎಂಬುದೇ ಮಾಯವಾಗುತ್ತದೆ. ರೈತ, ಕಮ್ಮಾರ, ಆಲೆಮನೆಯವನು, ಚರ್ಮ ಹದ ಮಾಡುವವನು ಇವರ ಸಾಲಿನಲ್ಲಿ ಅಡುಗೆಯವಳನ್ನೂ ಈ ಪದ ನಿಲ್ಲಿಸುತ್ತದಲ್ಲ, ಆ ಸಾಲಿನಲ್ಲಿ ನಿಲ್ಲುವುದು ಎಲ್ಲರಿಗೂ ಇಷ್ಟವಿಲ್ಲ ಅನ್ನುವುದು ಬೇರೆ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಅಡುಗೆ ಕಲಿಯುವ ವಿದ್ಯೆ ಅನ್ನುವುದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಲೋಕೋಪಕಾರ ಬರೆದಾಗ ಅದರಲ್ಲಿ ಕೃಷಿ, ವೈದ್ಯ, ಜಲಶೋಧನೆಗಳ ಜೊತೆ ಅಡುಗೆಗೂ ಒಂದು ಅಧ್ಯಾಯ ಕೊಟ್ಟ. ಅವನಾದ ನೂರು ವರ್ಷಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದ ಮಾನಸೋಲ್ಲಾಸದಲ್ಲಿ ಅನ್ನಭೋಗವನ್ನು ವಿವರವಾಗಿ ಬರೆಸಿದ. ಹದಿನಾರನೆಯ ಶತಮಾನದ ಆರಂಭಕ್ಕೆ ಮೂರನೆಯ ಮಂಗರಸ ಸೂಪಶಾಸ್ತ್ರವನ್ನು ಷಟ್ಪದಿಯಲ್ಲೇ ರಚಿಸಿದ. ಶಾಸ್ತ್ರ ಎಂಬ ಪದವನ್ನು ಗಮನಿಸಿ. ದೊರೆಯ ಭೋಜನಶಾಲೆಯಲ್ಲಿ, ಗಂಡಸರ ಬರಹದಲ್ಲಿ ಅಡುಗೆ ಶಾಸ್ತ್ರ. ಅದೇ ಹುಳಿ, ಅದೇ ಒಗ್ಗರಣೆ ಮನೆಯ ಒಲೆಯ ಮುಂದೆ ಗುಣ.

ಪುರಾಣದ ಕಡೆಗೆ ಹೋದರೂ ಅಷ್ಟೇ. ರುಚಿಯ ಊಟಕ್ಕೆ ನಳಪಾಕ ಅನ್ನುತ್ತೇವೆ, ಭೀಮಪಾಕ ಅನ್ನುತ್ತೇವೆ. ಇಬ್ಬರೂ ಗಂಡಸರು, ಇಬ್ಬರೂ ವೇಷ ಮರೆಸಿಕೊಂಡಿದ್ದಾಗ ಅರಮನೆಯ ನೌಕರಿಯಲ್ಲಿದ್ದವರು. ಬಾಹುಕನ ವೇಷದ ನಳ ಬೇಯಿಸಿದ ಮಾಂಸದ ಒಂದು ತುಂಡನ್ನು ಬಾಯಿಗಿಟ್ಟೇ ದಮಯಂತಿ ಗಂಡನನ್ನು ಗುರುತಿಸಿದಳು. ನಳನದ್ದು ಮಾತ್ರ ನಿಜವಾದ ಕೈಗುಣ ಅನ್ನಬೇಕು, ಯಾಕೆಂದರೆ ಅದು ದೇವತೆಗಳ ವರ: ಬಯಸಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ನೋಡಿದರೆ ಕೊಡ ತುಂಬುತ್ತದೆ, ಅನ್ನದ ರುಚಿಯನ್ನು ಯಮನೇ ಕೊಟ್ಟಿದ್ದಾನೆ. ಗ್ಯಾಸ್ ಬುಕ್ ಮಾಡುವ ಕೆಲಸವೂ ಇಲ್ಲ, ಮೆಟ್ರೋ ವಾಟರ್ ಲಾರಿಗೆ ಕಾಯುವ ಕೆಲಸವೂ ಇಲ್ಲ. ಇನ್ನು ದ್ರೌಪದಿಗೆ ಸಿಕ್ಕಿದ್ದು ಅಕ್ಷಯ ಪಾತ್ರೆ. ಅದರ ಷರತ್ತು ನಿಮಗೆ ನೆನಪಿರಬೇಕು. ದ್ರೌಪದಿ ಉಣ್ಣುವವರೆಗೆ ಅನ್ನ ಬರುತ್ತಲೇ ಇರುತ್ತದೆ, ಅವಳು ಉಂಡ ಕೂಡಲೇ ಆ ದಿನದ ಮಟ್ಟಿಗೆ ನಿಲ್ಲುತ್ತದೆ. ಅಲ್ಲಿ ಹೆಂಗಸಿನಿಂದ ಬೇಕಾಗಿದ್ದ ಒಂದೇ ಕೌಶಲ ಕೊನೆಯಲ್ಲಿ ಉಣ್ಣುವುದು.

ಈ ಗುಣದ ಮಾತನ್ನು ಒಬ್ಬ ಹೆಂಗಸು ಒಡೆದದ್ದು ಚೆನ್ನೈಯಲ್ಲೇ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದ ಎಸ್. ಮೀನಾಕ್ಷಿ ಅಮ್ಮಾಳ್ ಅವರಿಗೆ ನೆಂಟರು, ಪರಿಚಿತರು ಪತ್ರ ಬರೆದು 'ಇದನ್ನು ಹೇಗೆ ಮಾಡುವುದು, ಅದನ್ನು ಹೇಗೆ ಮಾಡುವುದು' ಅಂತ ಕೇಳುತ್ತಿದ್ದರು. ಬಂಧು ಕೆ. ವಿ. ಕೃಷ್ಣಸ್ವಾಮಿ ಅಯ್ಯರ್ 'ಇದನ್ನೆಲ್ಲ ಪುಸ್ತಕವಾಗಿ ಬರಿ' ಅಂದರು. 1951ರಲ್ಲಿ 'ಸಮೈತ್ತು ಪಾರ್' ಬಂತು. ಆಮೇಲೆ ಇನ್ನೂ ಸಂಪುಟಗಳು. ಬೇಳೆ ಇಷ್ಟು, ಮೆಣಸಿನಕಾಯಿ ಇಷ್ಟು, ಇಷ್ಟು ಜನಕ್ಕೆ ಅಂತ ಬರೆದ ಪುಸ್ತಕ. ಮದುವೆಯಾಗಿ ಡೆಲ್ಲಿಗೂ ಅಮೆರಿಕಕ್ಕೂ ಹೊರಟ ಮದರಾಸಿನ ಹುಡುಗಿಯರ ಟ್ರಂಕುಗಳಲ್ಲಿ ಅದು ಹೋಯಿತು. ಅಮ್ಮ ಜೊತೆಗಿಲ್ಲದ ಅಡುಗೆ ಮನೆಯಲ್ಲಿ ಆ ಹುಡುಗಿಯರು ವತ್ತಕುಳಂಬು ಮಾಡಿದರು, ಅದು ವತ್ತಕುಳಂಬಿನ ಹಾಗೇ ಇತ್ತು. ಬೇರೆ ಯಾರದೋ ಕೈ, ಅದೇ ರುಚಿ.

ಪುಸ್ತಕದ ಹೆಸರಿನ ಬಗ್ಗೆ ಅನುವಾದಕಿಯ ಒಂದು ಮಾತು. ಇಂಗ್ಲಿಷಿನಲ್ಲಿ ಅದು 'ಕುಕ್ ಅಂಡ್ ಸೀ' ಆಯಿತು, ಅಡುಗೆ ಮಾಡು, ಆಮೇಲೆ ಕಣ್ಣಿಟ್ಟು ನೋಡು ಎಂಬಂತೆ. ಆದರೆ ತಮಿಳಿನ 'ಪಾರ್' ಇಲ್ಲಿ ಕಣ್ಣಿನ ನೋಟವಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತೇವಲ್ಲ, ಆ ನೋಡು. ಪ್ರಯತ್ನಿಸು ಎಂಬ ಅರ್ಥದ ಸಹಾಯಕ ಕ್ರಿಯಾಪದ. ನಿನ್ನಿಂದ ಆಗುತ್ತದೆ, ಮಾಡಿ ನೋಡು ಎಂಬುದು ಆ ಹೆಸರು. ಕೈಗುಣದ ಸಿದ್ಧಾಂತಕ್ಕೆ ಇದಕ್ಕಿಂತ ಚಿಕ್ಕ ಉತ್ತರ ನನಗೆ ಗೊತ್ತಿಲ್ಲ. ಆದರೆ ಆ ಪುಸ್ತಕವನ್ನೂ ಜನ ಹೊಗಳುವುದು 'ಆ ಅಮ್ಮಾಳ್ ಕೈಮಣಂ' ಅಂತಲೇ. ಗ್ರಾಮು, ಪಲಗಳಲ್ಲಿ ಬರೆದಿಟ್ಟರೂ ಬಿಡುವುದಿಲ್ಲ ಅಂದರೆ ಏನು ಹೇಳುವುದು.

ಇದೇ ಊರಿನ ಕನ್ನಡ ಕರಾವಳಿಯ ಕಥೆಯನ್ನೂ ಹೇಳಬೇಕು. ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು ಅಡುಗೆ ಮನೆಯ ಕೆಲಸದಿಂದ ಶುರು ಮಾಡಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. 1962ರಲ್ಲಿ ಕೆಥೀಡ್ರಲ್ ರಸ್ತೆಯಲ್ಲಿ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ ಬಂತು, 2008ರಲ್ಲಿ ಮುಚ್ಚಿತು. ಆ ಜಾಗ ಈಗ 'ಸೆಮ್ಮೊಳಿ ಪೂಂಗಾ', ಅಂದರೆ ಶಾಸ್ತ್ರೀಯ ಭಾಷೆಯ ಉದ್ಯಾನ. ಭಾಷಾವಿಜ್ಞಾನದವರಿಗೆ ಸಂತೋಷವಾಗಬೇಕಾದ ವಿಷಯ, ಆದರೆ ಅಲ್ಲೀಗ ಮಸಾಲೆ ದೋಸೆ ಸಿಗುವುದಿಲ್ಲ. ಉಡುಪಿ ಹೋಟೆಲುಗಳ ಹೆಗ್ಗಳಿಕೆ ಏನಾಗಿತ್ತು? ಸೋಮವಾರದ ಸಾಂಬಾರೂ ಶನಿವಾರದ ಸಾಂಬಾರೂ ಒಂದೇ. ಭಟ್ಟರು ಬದಲಾದರೂ ಒಂದೇ. ಒಬ್ಬರ ಕೈಗುಣದಿಂದ ದಿನಕ್ಕೆ ಸಾವಿರ ಪ್ಲೇಟು ಹೊರಡುವುದಿಲ್ಲ. ಲೋಟ ತೊಳೆಯುವ ಹುಡುಗ ಆಮೇಲೆ ತರಕಾರಿ ಹೆಚ್ಚುವವನಾಗಿ, ರುಬ್ಬುವವನಾಗಿ, ಕೊನೆಗೆ ದೋಸೆ ಕಲ್ಲಿನ ಮುಂದೆ ನಿಲ್ಲುವ ಒಂದು ಮೆಟ್ಟಿಲು ಸಾಲು ಅಲ್ಲಿತ್ತು. ಪ್ರತಿ ಮೆಟ್ಟಿಲಿಗೂ ಒಂದು ಸಂಬಳ ಇತ್ತು, ಎಷ್ಟೇ ಕಡಿಮೆಯಿರಲಿ. ಹೋಟೆಲಿನಲ್ಲಿ ಅಡುಗೆ ಉದ್ಯೋಗ ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆದರೆ ಆ ಮೆಟ್ಟಿಲು ಹತ್ತಲು ಯಾರಿಗೆ ಅವಕಾಶ? ಹಳೆಯ ಮದರಾಸಿನ ಹಲವು ಹೋಟೆಲುಗಳ ಬೋರ್ಡಿನಲ್ಲಿ ಊಟದ ಹೆಸರಿಗಿಂತ ಮೊದಲು ಅಡುಗೆಯವರ ಜಾತಿ ಇರುತ್ತಿತ್ತು. 1957ರಲ್ಲಿ ಪೆರಿಯಾರ್ ಅವರ ದ್ರಾವಿಡರ ಕಳಗದವರು ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಮುಂದೆ ಪ್ರತಿಭಟನೆಗೆ ನಿಂತದ್ದು ಬೋರ್ಡಿನ ಮೇಲಿದ್ದ ಬ್ರಾಹ್ಮಣ ಎಂಬ ಪದಕ್ಕಾಗಿ. ತಿಂಗಳುಗಟ್ಟಲೆ ನಡೆದ ಆ ಪ್ರತಿಭಟನೆಯಲ್ಲಿ ನೂರಾರು ಜನ ಬಂಧನಕ್ಕೊಳಗಾದರು, ಕೊನೆಗೆ ಆ ಪದ ಬೋರ್ಡಿನಿಂದ ಇಳಿಯಿತು. ಬೋರ್ಡಿನಿಂದ ಇಳಿದದ್ದು ಈಗ ವಾಟ್ಸಾಪಿಗೆ ಹತ್ತಿದೆ. ಚೆನ್ನೈಯ ಅಪಾರ್ಟ್‌ಮೆಂಟಿನಲ್ಲಿರುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಟ್ಟಡದ ಗುಂಪಿನಲ್ಲಿ ತಿಂಗಳಿಗೊಮ್ಮೆಯಾದರೂ ಬರುವ ಸಂದೇಶ: ಅಡುಗೆಗೆ ಮಾಮಿ ಬೇಕು, ಬೆಳಿಗ್ಗೆ ಎರಡು ಗಂಟೆ, ಮೂರು ಬಗೆ, ಕೈಮಣಂ ಇರಬೇಕು, 'ನಮ್ಮವಾ' ಆದರೆ ಒಳ್ಳೆಯದು. ಬೇಳೆ ಬೇಯಿಸಲು ಬರುತ್ತದೆಯೇ ಅನ್ನುವ ಪ್ರಶ್ನೆಗೆ 'ನಮ್ಮವರೇ' ಎಂಬುದು ಉತ್ತರವಾಗುವುದು ಹೇಗೆ? ಕೈಗುಣ ಅನ್ನುವ ಪದದಿಂದ. ಗುಣ ಹುಟ್ಟಿನಿಂದ ಬರುವುದಾದರೆ ಹುಟ್ಟನ್ನು ಕೇಳುವುದು ನ್ಯಾಯವೇ ಆಗಿಬಿಡುತ್ತದೆ. ಹದ ಬರುತ್ತದೆಯೇ ಅಂತ ಕೇಳಿದ್ದರೆ ಒಂದು ದಿನ ಅಡುಗೆ ಮಾಡಿಸಿ ನೋಡಬೇಕಾಗುತ್ತಿತ್ತು.

ಅಪಾರ್ಟ್‌ಮೆಂಟಿನಲ್ಲಿ ಇದು ಒಬ್ಬರಿಗೆ ಕೆಲಸ ಸಿಗದಿರುವಲ್ಲಿಗೆ ನಿಲ್ಲುತ್ತದೆ. ಊರುಗಳಲ್ಲಿ ನಿಲ್ಲುವುದಿಲ್ಲ. 2018ರ ಜುಲೈಯಲ್ಲಿ ತಿರುಪ್ಪೂರು ಜಿಲ್ಲೆಯ ಅವಿನಾಶಿ ಹತ್ತಿರದ ಸರಕಾರಿ ಶಾಲೆಯೊಂದಕ್ಕೆ ಬಂದ ದಲಿತ ಅಡುಗೆಯವರ ವಿರುದ್ಧ ಊರಿನ ಮೇಲ್ಜಾತಿಯವರು ಗಲಾಟೆ ಮಾಡಿದರು. ಅಧಿಕಾರಿಗಳು ಮೊದಲು ಮಾಡಿದ ಕೆಲಸ ಆ ಹೆಂಗಸನ್ನೇ ಬೇರೆ ಕಡೆ ಹಾಕಿದ್ದು. ಪ್ರತಿಭಟನೆ ಆದ ಮೇಲೆ ಆ ಆದೇಶ ಹಿಂದೆ ಬಂತು, ಕೇಸು ದಾಖಲಾಯಿತು. ಕನ್ನಡದವರು ಇದನ್ನು ತಮಿಳುನಾಡಿನ ರೋಗ ಅಂತ ತಳ್ಳಿಹಾಕುವ ಹಾಗಿಲ್ಲ. ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಬಿಸಿಯೂಟದ ಅಡುಗೆಯವರು ದಲಿತರೆಂಬ ಕಾರಣಕ್ಕೆ ಹೆಚ್ಚಿನ ಮಕ್ಕಳನ್ನು ಮನೆಯವರು ಶಾಲೆಯಿಂದಲೇ ಬಿಡಿಸಿದ್ದು ದೇಶದಾಚೆಗೂ ಸುದ್ದಿಯಾಗಿತ್ತು. ಆ ಎರಡು ಊರಿನಲ್ಲೂ ಅನ್ನ ಸೀದಿತ್ತು, ಸಾರು ನೀರಾಗಿತ್ತು ಅಂತ ಯಾರೂ ದೂರಲಿಲ್ಲ. ದೂರು ಇದ್ದದ್ದು ಕೈಯ ಮೇಲೆ. ಮನೆಯೊಳಗಿನ ಒಂದು ಕೈಗೆ ಹುಟ್ಟುಗುಣ ಇದೆ ಅಂತ ಒಪ್ಪಿದರೆ ಇನ್ನೊಂದು ಕೈಗೆ ಹುಟ್ಟುದೋಷ ಇದೆ ಅನ್ನುವವರಿಗೆ ಏನು ಉತ್ತರ ಕೊಡುತ್ತೀರಿ? ಎರಡೂ ಒಂದೇ ವ್ಯಾಕರಣದ ವಾಕ್ಯಗಳು.

ಈ ಮಾತು ಅತಿಯಾಯಿತು ಎಂದು ಹೇಳುವವರಿದ್ದಾರೆ. ಅವರಲ್ಲಿ ನನ್ನ ಗಂಡನೂ ಒಬ್ಬ. 'ಎಲ್ಲರ ನಾಲಗೆಯೂ ಒಂದೇ ಅಲ್ಲವಲ್ಲ, ಕೆಲವರಿಗೆ ನಿಜಕ್ಕೂ ರುಚಿ ಹೆಚ್ಚು ತಿಳಿಯುತ್ತದೆ' ಅನ್ನುತ್ತಾನೆ. ಒಪ್ಪುತ್ತೇನೆ. ಕಹಿಯನ್ನು ಗುರುತಿಸುವುದರಲ್ಲಿ ಜನರ ನಡುವೆ ಹುಟ್ಟಿನಿಂದಲೇ ವ್ಯತ್ಯಾಸವಿದೆ. ಹಾಗೆಯೇ ಶ್ರುತಿ ಹಿಡಿಯುವ ಕಿವಿಯಲ್ಲೂ ವ್ಯತ್ಯಾಸವಿದೆ. ಡಿಸೆಂಬರ್ ಸೀಸನ್ನಿನಲ್ಲಿ ಮ್ಯೂಸಿಕ್ ಅಕಾಡೆಮಿಯ ಮೆಟ್ಟಿಲಿಳಿಯುವಾಗ ಯಾರಾದರೂ 'ಎಲ್ಲಾ ಕಂಠಗುಣ' ಅಂತ ಹೇಳಿ ಮುಗಿಸುತ್ತಾರೆಯೇ? ಯಾರ ಶಿಷ್ಯೆ, ಎಷ್ಟು ವರ್ಷದ ಪಾಠ, ಯಾವ ಬಾನಿ ಅಂತ ಕ್ಯಾಂಟೀನಿನವರೆಗೂ ಮಾತಾಡುತ್ತಾರೆ. ಆ ಕ್ಯಾಂಟೀನಿನ ಕಾಶಿ ಹಲ್ವದ ಬಗ್ಗೆ ಅಷ್ಟು ಪ್ರಶ್ನೆ ಕೇಳುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಮನೆಯ ಅಡುಗೆ ಪ್ರೀತಿ, ಅದನ್ನು ಕೆಲಸ, ಸಂಬಳ ಅಂತ ಲೆಕ್ಕಕ್ಕೆ ಇಳಿಸಬೇಡಿ. ಸರಿ, ಲೆಕ್ಕವನ್ನೇ ನೋಡೋಣ. ಕೇಂದ್ರ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಆರು ವರ್ಷ ದಾಟಿದ ಹೆಂಗಸರಲ್ಲಿ ಶೇಕಡ 81.2 ಮಂದಿ ದಿನವೊಂದರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುತ್ತಾರೆ, ಗಂಡಸರಲ್ಲಿ ಶೇಕಡ 26.1. ಮಾಡುವ ಹೆಂಗಸರು ಅದಕ್ಕೆ ಕೊಡುವ ಸಮಯ ದಿನಕ್ಕೆ 299 ನಿಮಿಷ, ಮಾಡುವ ಗಂಡಸರು 97 ನಿಮಿಷ. ಪ್ರೀತಿ ಇಷ್ಟು ಏರುಪೇರಾಗಿ ಹಂಚಿಹೋಗಿದೆ ಎಂದು ನಾನು ನಂಬಲಾರೆ. ಪ್ರೀತಿ ಇದ್ದರೆ ಬೇಳೆ ಬೇಗ ಬೇಯುವುದೂ ಇಲ್ಲ. ಪ್ರೀತಿಯಿಂದ ಮಾಡಿದ ಎಷ್ಟೋ ಉಪ್ಪಿಟ್ಟುಗಳನ್ನು ನಾವೆಲ್ಲ ಕಷ್ಟಪಟ್ಟು ನುಂಗಿದ್ದೇವೆ. 'ನಿನ್ನ ಕೈಗುಣ ನನಗೆ ಬರಲ್ಲಪ್ಪ' ಎಂದು ಹೇಳಿ ಅಡುಗೆ ಮನೆಯಿಂದ ಹೊರಗೆ ನಡೆಯುವವರ ಮಾತನ್ನು ಇಲ್ಲಿ ನೆನಪಿಸಿಕೊಳ್ಳಿ. ಗುಣ ಅಲ್ಲವೇ, ಕಲಿಯಲು ಬರುವುದಿಲ್ಲ. ಕಲಿಯಲು ಬರುವುದಿಲ್ಲವಾದ್ದರಿಂದ ಅವರು ಕಲಿಯಬೇಕಾಗಿಲ್ಲ. ಆ 299ಕ್ಕೂ 97ಕ್ಕೂ ನಡುವಿನ ಅಂತರಕ್ಕೆ ಈ ಹೊಗಳಿಕೆಯ ಪಾಲೂ ಇದೆ.

ಎರಡು ಸರಕಾರಗಳು 2023ರಲ್ಲಿ ಹದಿನಾರೇ ದಿನಗಳ ಅಂತರದಲ್ಲಿ ಮನೆಯೊಡತಿಯರಿಗೆ ತಿಂಗಳ ಹಣ ಕೊಡಲು ಶುರು ಮಾಡಿದವು. ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಕರ್ನಾಟಕದ ಯೋಜನೆ 2000 ರೂಪಾಯಿ ಕೊಡುತ್ತದೆ, ಸೆಪ್ಟೆಂಬರ್ 15ರಂದು ಕಾಂಚೀಪುರದಲ್ಲಿ ಶುರುವಾದ ತಮಿಳುನಾಡಿನ ಯೋಜನೆ 1000. ಹಣದಲ್ಲಿ ನಮ್ಮದು ದೊಡ್ಡದು. ಹೆಸರು ನೋಡಿ: ಅಲ್ಲಿನದು 'ಮಗಳಿರ್ ಉರಿಮೈ ತೊಗೈ', ಮಹಿಳೆಯರ ಹಕ್ಕಿನ ಮೊತ್ತ. ಸಂಬಳವಿಲ್ಲದೆ ದುಡಿದದ್ದಕ್ಕೆ ಮನ್ನಣೆ ಇದು, ಸಹಾಯಧನವಲ್ಲ ಅಂತ ಅಲ್ಲಿನ ಸರಕಾರ ಬಾಯಿಬಿಟ್ಟು ಹೇಳಿತು. ನಮ್ಮದು 'ಗೃಹಲಕ್ಷ್ಮಿ'. ಮತ್ತೆ ಗುಣ, ಮತ್ತೆ ದೈವಾಂಶ. ಲಕ್ಷ್ಮಿಗೆ ಕಾಣಿಕೆ ಹಾಕಬಹುದು, ಲಕ್ಷ್ಮಿ ಹಕ್ಕು ಕೇಳಿದರೆ ಚೆನ್ನಾಗಿ ಕಾಣುವುದಿಲ್ಲ.

ಒಳ್ಳೆಯ ಅಡುಗೆಯವರು ಅಂದರೆ ಯಾರು ಎಂದು ತೋರಿಸು ಅಂದರೆ ನಾನು ಶಾಲೆಯ ಬಿಸಿಯೂಟದ ಕೋಣೆಯನ್ನು ತೋರಿಸುತ್ತೇನೆ. ಪ್ರಾಥಮಿಕ ಶಾಲೆಯ ಒಂದು ಮಗುವಿಗೆ ಸರಕಾರದ ಲೆಕ್ಕ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. 26ರಿಂದ 100 ಮಕ್ಕಳಿಗೆ ಇಬ್ಬರು ಅಡುಗೆಯವರು. ಹಾಗಾದರೆ ನೂರು ಮಕ್ಕಳಿರುವ ಶಾಲೆಯಲ್ಲಿ ಇಬ್ಬರು ಹೆಂಗಸರು ಹತ್ತು ಕಿಲೋ ಅಕ್ಕಿ, ಎರಡು ಕಿಲೋ ಬೇಳೆ, ಐದು ಕಿಲೋ ತರಕಾರಿ, ಅರ್ಧ ಕಿಲೋ ಎಣ್ಣೆ ಹಿಡಿದು, ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ, ಹಸಿದ ನೂರು ಬಾಯಿಗೆ ರುಚಿ ಅನ್ನಿಸುವ ಊಟ ಮಾಡಿರಬೇಕು. ಎರಡು ಕಿಲೋ ಬೇಳೆಯ ಸಾರು ನೂರು ತಟ್ಟೆಗೆ ಬರುವಷ್ಟು ತೆಳ್ಳಗಿರಬೇಕು, ಮಕ್ಕಳು ತಟ್ಟೆ ತಳ್ಳದಷ್ಟು ಗಟ್ಟಿಯಾಗಿರಬೇಕು. ಐದು ಗ್ರಾಂ ಎಣ್ಣೆ ಅಂದರೆ ಒಂದು ಸಣ್ಣ ಟೀ ಚಮಚ. ಅಷ್ಟರಲ್ಲಿ ಸಾಸಿವೆ ಸಿಡಿಯಬೇಕು, ಕರಿಬೇವು ಘಮ್ಮನ್ನಬೇಕು. ಹತ್ತು ಕಿಲೋ ಅಕ್ಕಿಯ ಪಾತ್ರೆಯ ತಳ ಹಿಡಿಯುವ ಮುಂಚಿನ ವಾಸನೆಯನ್ನು ಹಿಡಿಯಬೇಕು. ಒಂದು ನಿಮಿಷ ತಡವಾದರೆ ನೂರು ಮಕ್ಕಳ ಅನ್ನವೂ ಕಮಟು. ಟಿವಿಯ ಅಡುಗೆ ಸ್ಪರ್ಧೆಗಳಲ್ಲಿ ಈ ಸುತ್ತು ಯಾಕೆ ಇಲ್ಲ ಅಂತ ನನಗೆ ಬಹಳ ದಿನದಿಂದ ಕುತೂಹಲ.

ಇದಕ್ಕೆ ಕೇಂದ್ರ 2009ರಲ್ಲಿ ಗೊತ್ತುಮಾಡಿದ ಮೊತ್ತ ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. ಅದರ ಮೇಲೆ ಒಂದೊಂದು ರಾಜ್ಯ ತನ್ನ ಪಾಲನ್ನು ಸೇರಿಸುತ್ತದೆ. ತಮಿಳುನಾಡಿನ ಕಡತಗಳಲ್ಲಿ ಸತ್ತುಣವಿನ ಅಡುಗೆಯವರಿಗೆ ಸಿಗುವುದನ್ನು 'ಊದಿಯಂ' ಅನ್ನುತ್ತಾರೆ, ಅಂದರೆ ವೇತನ. ವಿಶೇಷ ಶ್ರೇಣಿಯ ಊದಿಯಂ, ಸಾಲದು ಅಂತ ಅಲ್ಲಿಯವರು ಜಗಳ ಆಡುತ್ತಲೇ ಇದ್ದಾರೆ, ಆದರೆ ಜಗಳ ಆಡುವುದು ಊದಿಯಂ ಎಷ್ಟು ಅಂತ. ಕರ್ನಾಟಕದ ಸುತ್ತೋಲೆಗಳಲ್ಲಿ ಅಡುಗೆಯವರಿಗೆ ಸಿಗುವುದಕ್ಕೆ ಇರುವ ಪದ 'ಗೌರವಧನ'. ಇದನ್ನು ತಮಿಳಿಗೆ ತರಬೇಕಾಗಿ ಬಂದಾಗ ನಾನು ಒಂದು ಇಡೀ ಬೆಳಿಗ್ಗೆ ಪದಕೋಶ ತಿರುವಿದ್ದೆ. ಅತಿಥಿ ಭಾಷಣಕಾರರಿಗೆ ಕವರಿನಲ್ಲಿ ಹಾಕಿ ಕೊಡುವುದಕ್ಕೂ, ವರ್ಷಾನುಗಟ್ಟಲೆ ದಿನಾ ಒಲೆಯ ಮುಂದೆ ನಿಂತವರಿಗೆ ಕೊಡುವುದಕ್ಕೂ ನಮ್ಮಲ್ಲಿ ಒಂದೇ ಪದ. ಬಿಸಿಯೂಟದ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಬಂದು ಕೂತಾಗಲೆಲ್ಲ ಅವರ ಕೈಯಲ್ಲಿರುವ ಬ್ಯಾನರನ್ನು ಓದಿ ನೋಡಿ. ಗೌರವ ಎಂಬ ಪದವನ್ನು ಅವರು ಬಿಟ್ಟಿರುತ್ತಾರೆ. ಅಲ್ಲಿರುವುದು ಕನಿಷ್ಠ ವೇತನ.